ಕೆರೆ ತಿಳಿಯಾದ ಮೇಲೆ

ನವಲಗುಂದದ ಕಡೆಯ ಕರಿಮಣ್ಣಿನ ಊರುಗಳಲ್ಲಿ ಎಲ್ಲಿ ಅಗೆದರೂ ಸವಳು ನೀರೇ ಬರುತ್ತದೆ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಹಾಗಾಗಿ ಅಲ್ಲಿಯವರಿಗೆ ಕೆರೆಯೆಂದರೆ ದೇವರು. ನಮ್ಮೂರ ಕೆರೆಯ ದಂಡೆ ಹತ್ತುವ ಮೊದಲು ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ಅದರಲ್ಲಿ ಯಾರೂ ಬಟ್ಟೆ ಒಗೆಯುತ್ತಿರಲಿಲ್ಲ, ದನ ಇಳಿಸುತ್ತಿರಲಿಲ್ಲ, ಕೈಕಾಲು ಕೂಡ ತೊಳೆಯುತ್ತಿರಲಿಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ಊರು ಬಹಳ ಚೆಂದ ಕಾಣುತ್ತದೆ. ಆದರೆ ನಾವು ದಲಿತರು. ನಮ್ಮ ಕೇರಿಯ ಹೆಂಗಸರು ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ದಂಡೆಯ ಕೆಳಗೆ ಕೊಡ ಇಟ್ಟುಕೊಂಡು ನಿಂತಿರಬೇಕು; ನೀರಿಗೆ ಬಂದವರಲ್ಲಿ ಮನಸ್ಸಾದವರು ಒಂದು ಕೊಡ ಎತ್ತಿ ಸುರಿಯುತ್ತಿದ್ದರು. ಯಾರಿಗಾದರೂ ಮನಸ್ಸಾಗುವವರೆಗೆ ಅವ್ವ ನಿಂತಿರುತ್ತಿದ್ದಳು. ಅವಳ ಸೆರಗು ಹಿಡಿದು ನಾನೂ ನಿಂತಿರುತ್ತಿದ್ದೆ.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ನಳ ಬಂತು. ಕೆರೆಯ ಪಕ್ಕದಲ್ಲಿ ನೀರು ಸೋಸುವ ಮರಳಿನ ತೊಟ್ಟಿ, ಅದರಾಚೆ ಎತ್ತರದ ಟಾಕಿ, ಟಾಕಿಯಿಂದ ಊರಿಗೆಲ್ಲ ಪೈಪು. ಪೈಪಿನ ಕಟ್ಟಕಡೆಯ ತುದಿ ನಮ್ಮ ಕೇರಿ. ಕೆರೆಗೆ ಹೋಗುವ ಕೆಲಸವೇ ಉಳಿಯಲಿಲ್ಲವಾದ್ದರಿಂದ ಹೋಗಬಾರದೆಂದು ಹೇಳುವ ಕೆಲಸವೂ ಯಾರಿಗೂ ಉಳಿಯಲಿಲ್ಲ. ಊರು ಬದಲಾಯಿತೆಂದು ನಾವೆಲ್ಲ ನಂಬಿದೆವು.

ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ ಪಾಚಿಗಳ ಪಾಠ ಮಾಡುತ್ತಿದ್ದ ಮೇಷ್ಟ್ರು ಒಂದು ದಿನ, ರಜೆಗೆ ಹೋದವರೆಲ್ಲ ಅವರವರ ಊರ ಕೆರೆಯಿಂದ ಒಂದೊಂದು ಬಾಟಲಿ ನೀರು ತನ್ನಿ ಎಂದರು. ನೀರಿನೊಳಗೆ ಮುಳುಗಿದ ಕಲ್ಲನ್ನು ಬ್ರಶ್ಶಿನಿಂದ ಉಜ್ಜಿ, ಆ ಲೋಳೆಯನ್ನೂ ತರಬೇಕಿತ್ತು. ನಾನು ಬಾಟಲಿ ಹಿಡಿದು ನಮ್ಮೂರ ಕೆರೆಯ ದಂಡೆ ಹತ್ತಿದೆ. ಚಪ್ಪಲಿ ಬಿಟ್ಟೆ. ಎರಡು ಮೆಟ್ಟಿಲು ಇಳಿದಿದ್ದೆನೋ ಇಲ್ಲವೋ, ಬೇವಿನ ನೆರಳಲ್ಲಿ ಕೂತಿದ್ದ ಹಿರಿಯರೊಬ್ಬರು ಕೂಗಿದರು.

"ಯಾರ ಮಗಳಬೇ ನೀ?"

ಅಪ್ಪನ ಹೆಸರು ಹೇಳಿದೆ. ಅವರು ಎದ್ದು ಬಂದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಬಾಟ್ಲಿ ಅಲ್ಲೇ ಇಡು. ನಾ ತುಂಬಿ ಕೊಡತೇನಿ."

ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದೆ. ಅವರು ತಮ್ಮ ತಂಬಿಗೆಯಿಂದ ನೀರು ಮೊಗೆದು, ಬಾಟಲಿಗೆ ತಾಗದಂತೆ ಮೇಲಿನಿಂದ ಸುರಿದರು. "ಸಾಲಿ ಕಲಿಯಾಕತ್ತೀದಿ, ಛಲೋ ಆತು. ಕಲೀ," ಎಂದು ಹರಸಿದರು. ಕಲ್ಲಿನ ಲೋಳೆ ಕೇಳಲು ನನಗೆ ಬಾಯಿ ಬರಲಿಲ್ಲ.

ಆ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ಮಧ್ಯಾಹ್ನ ಇನ್ನೂ ನೆನಪಿದೆ. ಗಾಜಿನ ಪುಟ್ಟ ದೋಣಿಗಳಂಥವು, ಹಸಿರು ಸುರುಳಿಗಳು, ಹಲ್ಲಿನ ಚಕ್ರದಂಥವು. ಯಾರ ಅಪ್ಪಣೆಯನ್ನೂ ಕೇಳದೆ ಅತ್ತಿಂದಿತ್ತ ತೇಲುತ್ತಿದ್ದವು. ಇಷ್ಟು ವರ್ಷ ನಾವು ಬೇಡಿ ತಂದ ನೀರಿನಲ್ಲಿ ಇವೆಲ್ಲ ಇದ್ದವೇ ಎಂದು ನಾನು ಕಣ್ಣು ತೆಗೆಯದೆ ನೋಡಿದೆ. ಮುಂದೆ ನನ್ನ ಸಂಶೋಧನೆಗೂ ಕೆರೆಗಳ ಪಾಚಿಯನ್ನೇ ಆರಿಸಿಕೊಂಡೆ. ಬೇರೆ ಊರುಗಳ ಕೆರೆಗಳಲ್ಲಿ ನನ್ನ ಅಪ್ಪ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ನಾನು ಮೊಣಕಾಲುದ್ದ ಇಳಿದು ಕಲ್ಲು ಉಜ್ಜಿದೆ.

ಎಂ.ಎಸ್ಸಿ. ಓದುತ್ತಿದ್ದ ಕಾಲದಲ್ಲೇ ಸಮುದ್ರದ ಪಾಚಿ ನೋಡಲೆಂದು ನಮ್ಮನ್ನು ಕಾರವಾರಕ್ಕೆ ಕರೆದೊಯ್ದಿದ್ದರು. ನೀರು ಇಳಿದ ಹೊತ್ತಿನಲ್ಲಿ ಬಂಡೆಗಳ ಮೇಲೆ ಕಂದು, ಕೆಂಪು, ಹಸಿರು ಪಾಚಿಗಳು ಕೂದಲಿನಂತೆ, ಎಲೆಯಂತೆ ಅಂಟಿಕೊಂಡಿದ್ದವು. ಕೆಲವನ್ನು ದಪ್ಪ ಕಾಗದದ ಮೇಲೆ ಹರಡಿ ಒಣಗಿಸಿ ಮನೆಗೆ ತಂದು ಅವ್ವನಿಗೆ ತೋರಿಸಿದೆ. ಇದರಿಂದ ಬರುವ ಅಂಟನ್ನು ಐಸ್‌ಕ್ರೀಮಿಗೆ ಹಾಕುತ್ತಾರೆ, ಔಷಧಕ್ಕೆ ಹಾಕುತ್ತಾರೆ, ಕೆಲವು ದೇಶಗಳಲ್ಲಿ ಪಲ್ಯದ ಹಾಗೆ ತಿನ್ನುತ್ತಾರೆ ಎಂದೆಲ್ಲ ಹೇಳಿದೆ. ಅವ್ವ ಅದನ್ನು ಮೂಸಿ ನೋಡಿದಳು. ಅವಳಿಗೆ ಬೇಕಾಗಿದ್ದ ಸಂಗತಿಯೇ ಬೇರೆ.

"ಅಲ್ಲೆ ನಿನ್ನ ಯಾರೂ ಕೇಳಲಿಲ್ಲೇನು, ಇಳಿಯೂ ಮುಂದ?"

"ಸಮುದ್ರಕ್ಕ ಮೆಟ್ಟಲಾ ಇರಂಗಿಲ್ಲಬೇ ಯವ್ವಾ," ಎಂದೆ.

ಅವಳು ನಕ್ಕಳು. ಅವಳು ನಕ್ಕದ್ದರಿಂದ ನಾನೂ ನಕ್ಕೆ.

ಓದು ಮುಗಿದ ಮೇಲೆ ಅಣ್ಣಿಗೇರಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಅವ್ವ ಊರಲ್ಲಿ ಅಣ್ಣನ ಜೊತೆ ಇದ್ದಳು. ಅಣ್ಣನಿಗೆ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ. ಕಾಯಂ ಅಲ್ಲ, ಆದರೂ ಅವನಿಗೆ ಅದರ ಬಗ್ಗೆ ಹೆಮ್ಮೆಯಿತ್ತು. ಬೆಳಿಗ್ಗೆ ಎದ್ದು ಸೈಕಲ್ಲಿನ ಮೇಲೆ ಉದ್ದನೆಯ ಕಬ್ಬಿಣದ ಚಾವಿ ಇಟ್ಟುಕೊಂಡು ಓಣಿ ಓಣಿ ಸುತ್ತಿ ವಾಲ್ವು ತಿರುಗಿಸುತ್ತಿದ್ದ. "ನಾ ಚಾವಿ ತಿರುವಲಿಲ್ಲಂದ್ರ ಗೌಡ್ರ ಮನ್ಯಾಗೂ ಚಾ ಆಗಂಗಿಲ್ಲ," ಎನ್ನುತ್ತಿದ್ದ.

ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ ಕಾಲುವೆಯ ನೀರು ತಡವಾಯಿತು. ಕೆರೆ ತಳ ಹಿಡಿಯುತ್ತ ಬಂತು. ಒಂದು ಭಾನುವಾರ ಊರಿಗೆ ಹೋದಾಗ ಅಣ್ಣ, "ನೀರು ಒಂಥರಾ ವಾಸನಿ ಬರಾಕತ್ತೈತಿ, ಬಂದ ನೋಡು," ಎಂದು ಕರೆದ. ಹೋಗಿ ನೋಡಿದೆ. ಗಾಳಿ ಬೀಸುವ ಕಡೆಯ ಮೂಲೆಯಲ್ಲಿ ನೀರಿನ ಮೇಲೆ ಹಸಿರು ಕೆನೆ ದಪ್ಪಗೆ ಕೂತಿತ್ತು. ಯಾರೋ ಎಣ್ಣೆ ಬಣ್ಣದ ಡಬ್ಬಿಯನ್ನು ಕವಿಚಿದ ಹಾಗಿತ್ತು. ಅಂಚಿನಲ್ಲಿ ಅದು ಒಣಗಿ ನೀಲಿಗೆ ತಿರುಗಿತ್ತು. ಆ ನೀಲಿ ಯಾವುದರ ಗುರುತೆಂದು ನನಗೆ ಗೊತ್ತಿತ್ತು. ಈ ಸಲ ದಂಡೆಯ ಮೇಲೆ ನನ್ನನ್ನು ತಡೆಯುವವರು ಇರಲಿಲ್ಲ. ಮೆಟ್ಟಿಲಿಳಿದು ಬಾಟಲಿಯಲ್ಲಿ ತುಂಬಿಕೊಂಡೆ. ದೂರದಲ್ಲಿ ಇಬ್ಬರು ನಿಂತು ನೋಡುತ್ತಿದ್ದರು.

ಮರುದಿನ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ದೋಣಿಗಳಿಲ್ಲ, ಸುರುಳಿಗಳಿಲ್ಲ. ಎಲ್ಲಿ ನೋಡಿದರೂ ಸಾಸಿವೆಗಿಂತ ಎಷ್ಟೋ ಸಣ್ಣ ಕಣಗಳು ಲೋಳೆಯಲ್ಲಿ ಗುಂಪುಗುಂಪಾಗಿ ಅಂಟಿಕೊಂಡಿದ್ದವು. ನೀಲಿ-ಹಸಿರು ಪಾಚಿಯ ಒಂದು ಜಾತಿ ಅದು. ಬಿಸಿಲು ಹೆಚ್ಚಾಗಿ, ನೀರು ನಿಂತು, ಹೊಲಗಳಿಗೆ ಹಾಕಿದ ಗೊಬ್ಬರ ಹರಿದು ಬಂದಲ್ಲಿ ಹೀಗೆ ಉಕ್ಕುತ್ತದೆ. ಅದರೊಳಗೆ ಯಕೃತ್ತನ್ನು ಕೆಡಿಸುವ ವಿಷ ಇರಬಹುದು. ಇದ್ದೇ ಇರುತ್ತದೆಂದಲ್ಲ, ಇರಬಹುದು. ನೋಡಿ ಹೇಳಲು ನನ್ನ ಬಳಿ ಉಪಕರಣ ಇರಲಿಲ್ಲ.

ಊರಿನ ನೀರಿನ ಸಮಿತಿಯ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರದು ನವಲಗುಂದದಲ್ಲಿ ಗೊಬ್ಬರ, ಔಷಧದ ಅಂಗಡಿ. ಬಾಟಲಿ ಮೆಟ್ಟಿಲ ಮೇಲಿಡಿಸಿದ್ದ ಆ ಹಿರಿಯರ ಮಗ. ಸಭೆ ಕರೆಯುತ್ತೇನೆ, ಬಂದು ಹೇಳಿ ಎಂದರು. ಅದಕ್ಕೆ ಅವರನ್ನು ಮೆಚ್ಚಿಕೊಂಡೇ ಹೋದೆ.

ಪಂಚಾಯಿತಿಯ ಕೋಣೆಯಲ್ಲಿ ಜನ ತುಂಬಿದ್ದರು. ನನಗೆ ಕುರ್ಚಿ ಕೊಟ್ಟರು. ಅಣ್ಣ ಬಾಗಿಲ ಹತ್ತಿರ ನಿಂತಿದ್ದ. ನಾನು ಕಂಡದ್ದನ್ನು ಹೇಳಿದೆ. ಅಧ್ಯಕ್ಷರು ಕೇಳಿಸಿಕೊಂಡು, ನಗುತ್ತಲೇ ಮಾತು ತೆಗೆದರು.

"ಮೇಡಂ, ನನಗೊಂದು ತಿಳಿಸಿ ಹೇಳ್ರಿ. ನನ್ನ ಅಂಗಡ್ಯಾಗ ಸಮುದ್ರದ ಪಾಚಿ ಔಷಧ ಮಾರತೇನಿ. ಉಳ್ಳಾಗಡ್ಡಿಗೆ ಹೊಡದ್ರ ಗಡ್ಡಿ ಇಷ್ಟಿಷ್ಟ ಆಗತಾವ. ಪ್ಯಾಟ್ಯಾಗ ಪಾಚಿ ಗುಳಿಗಿ ಬಂದಾವ, ಶಕ್ತಿಗೆ ಛಲೋ ಅಂತ ಮಂದಿ ನುಂಗತಾರ. ಅಲ್ಲೆ ಅಮೃತ ಆಗಿದ್ದು ನಮ್ಮ ಕೆರ್ಯಾಗ ಬಂದ್ರ ವಿಷ ಹೆಂಗ ಆಗತೈತಿ?"

ಕೋಣೆ ನಕ್ಕಿತು.

"ಪಾಚಿ ಅಂದ್ರ ಒಂದ ಜಾತಿ ಅಲ್ರಿ," ಎಂದೆ. "ಅಣಬಿ ಇದ್ದಂಗ. ತಿನ್ನೂವು ಅದಾವ, ಜೀವಾ ತಗಿಯೂವೂ ಅದಾವ. ಜಾತಿ ಬ್ಯಾರೆ ಬ್ಯಾರೆ."

"ಜಾತೀ ಮಾತು ಇಲ್ಲೆ ಬ್ಯಾಡ್ರಿ ಮೇಡಂ," ಎಂದು ಹಿಂದಿನಿಂದ ಯಾರೋ ಅಂದರು. ಈ ಸಲ ಇನ್ನೂ ಜೋರಾಗಿ ನಕ್ಕರು. ಅಣ್ಣ ನೆಲ ನೋಡುತ್ತ ನಿಂತಿದ್ದ.

ನಾನು ಬಿಡಲಿಲ್ಲ. ಕಾಲುವೆ ನೀರು ಬರುವವರೆಗೆ ಕುಡಿಯಲು ಟ್ಯಾಂಕರ್ ತರಿಸಿ, ಈ ನೀರನ್ನು ನಳಕ್ಕೆ ಬಿಡಬೇಡಿ, ಕುದಿಸಿದರೂ ಇದರ ವಿಷ ಹೋಗುವುದಿಲ್ಲ ಎಂದೆ. ಟ್ಯಾಂಕರ್ ಎಲ್ಲಿಂದ ತರೋಣ ಎಂದು ಒಬ್ಬರು, ಅಜ್ಜನ ಕಾಲದಿಂದ ಇದೇ ನೀರು ಕುಡಿದಿದ್ದೇವೆ ಎಂದು ಇನ್ನೊಬ್ಬರು. ಅಧ್ಯಕ್ಷರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಮೈಲುತುತ್ತಾ ಹಾಕೂಣು. ನಮ್ಮ ಅಂಗಡ್ಯಾಗ ಐತಿ, ನಾನ ಕಳಸತೇನಿ. ಎರಡ ದಿನದಾಗ ನೀರು ತಿಳಿ ಆಗತೈತಿ."

"ಅದೊಂದು ಮಾಡಬ್ಯಾಡ್ರಿ," ಎಂದೆ. "ಪಾಚಿ ಸಾಯತೈತಿ, ಖರೆ. ಸತ್ತ ಮ್ಯಾಲ ಒಡದು, ಹೊಟ್ಟ್ಯಾಗಿನ ವಿಷಾ ಎಲ್ಲಾ ನೀರಿಗೆ ಬಿಡತೈತಿ. ಈಗರೆ ಕಣ್ಣಿಗೆ ಕಾಣತೈತಿ, ಮಂದಿ ಹೆದರತಾರ. ಆಮ್ಯಾಲ ಕಾಣಂಗೂ ಇಲ್ಲ."

"ನೋಡೂಣು, ನೋಡೂಣು," ಎಂದು ಅವರು ಎದ್ದರು. ಚಹಾ ಬಂತು. ಸಭೆ ಮುಗಿಯಿತು.

ಮರುದಿನ ಮಧ್ಯಾಹ್ನ ಕಾಲೇಜಿನಲ್ಲಿದ್ದಾಗ ನನಗೊಂದು ಫೋನು ಬಂತು. ಅಧ್ಯಕ್ಷರ ಹೆಂಡತಿ. ನಾನು ಅವರ ಜೊತೆ ಅದಕ್ಕೂ ಮೊದಲು ಮಾತಾಡಿದ್ದೇ ಇಲ್ಲ. ದನಿ ತಗ್ಗಿಸಿ ಕೇಳಿದರು:

"ಮಗಳು ಬಾಣಂತನಕ್ಕ ಬಂದಾಳ್ರಿ ಮೇಡಂ. ಆ ನೀರು ಆಕಿಗೆ ಕೊಡಬಹುದೇನ್ರಿ? ಕೂಸಿಗೆ ಎರೀಬಹುದೇನು?"

"ಬ್ಯಾಡ್ರಿ. ಕುಡಿಯಾಕಂತೂ ಕೊಡಬ್ಯಾಡ್ರಿ. ಎರಿಯೂದೂ ಬ್ಯಾಡ."

"ಮನಿಯವರೂ ಹಂಗ ಅಂದ್ರು. ಆದ್ರೂ ನಿಮ್ಮನ್ನ ಒಂದ ಮಾತ ಕೇಳು ಅಂದ್ರು."

ಕೋಣೆ ತುಂಬ ನಗಿಸಿದ ಮನುಷ್ಯ ನನ್ನ ಒಂದೊಂದು ಮಾತನ್ನೂ ನಂಬಿದ್ದರು. ಅಂದು ಸಂಜೆಯೇ ಅವರ ಮನೆಗೆ ನವಲಗುಂದದಿಂದ ಟಂಟಂ ಆಟೋದಲ್ಲಿ ನೀರಿನ ಕ್ಯಾನುಗಳು ಬಂದಿಳಿದವೆಂದು ಅಣ್ಣ ಹೇಳಿದ. ಅವರನ್ನು ನೋಡಿ ಅಕ್ಕಪಕ್ಕದ ಎರಡು ಮೂರು ದೊಡ್ಡ ಮನೆಗಳವರೂ ತರಿಸಿದರು. ಊರಲ್ಲಿದ್ದ ಶುದ್ಧ ನೀರಿನ ಘಟಕ ಕೆಟ್ಟು ಎಷ್ಟೋ ಕಾಲವಾಗಿತ್ತು. ಉಳಿದವರಿಗೆ ನಳವೇ ಗತಿ. ಅವ್ವನಿಗೆ ನನ್ನ ಮನೆಗೆ ಬಂದಿರು ಎಂದು ಹೇಳಿ ಕಳಿಸಿದೆ; ಮನೆ ಬಿಟ್ಟು ಬರಲು ಒಪ್ಪಲಿಲ್ಲ.

ಮೈಲುತುತ್ತ ಹಾಕುವ ಕೆಲಸ ಅಣ್ಣನ ಪಾಲಿಗೆ ಬಂತು. ನೀಲಿ ಹರಳುಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಕೆರೆಯಲ್ಲಿಳಿದು, ನೀರೊಳಗೆ ಎಳೆದಾಡಬೇಕು. "ಹಾಕಬ್ಯಾಡ ಅಣ್ಣಾ," ಎಂದು ಫೋನಿನಲ್ಲಿ ಎಷ್ಟೋ ಹೇಳಿದೆ.

"ನಾ ಹಾಕಲಿಲ್ಲಂದ್ರ ಇನ್ನೊಬ್ಬ ಹಾಕತಾನ. ಚಾವಿನೂ ಅವನ ಕೈಗೆ ಹೋಗತೈತಿ," ಎಂದ.

ಅವನು ಸೊಂಟದವರೆಗೆ ಇಳಿದು ಮಧ್ಯಾಹ್ನವಿಡೀ ಚೀಲ ಎಳೆದ. ನಮ್ಮ ಮನೆತನದ ಗಂಡಸೊಬ್ಬ ಆ ಕೆರೆಯಲ್ಲಿ ಇಳಿದದ್ದು ಅದೇ ಮೊದಲು. ದಂಡೆಯ ಮೇಲೆ ನಿಂತವರು ಅಲ್ಲಿ ಹಾಕು, ಇಲ್ಲಿ ಹಾಕು ಎಂದು ಕೈ ತೋರಿಸುತ್ತಿದ್ದರಂತೆ.

ಹೇಳಿದ ಹಾಗೆಯೇ ನೀರು ತಿಳಿಯಾಯಿತು. ತಳದ ಮೆಟ್ಟಿಲು ಕೂಡ ಕಾಣುವಷ್ಟು ತಿಳಿ. ಊರಿನ ವಾಟ್ಸಾಪ್ ಗುಂಪಿನಲ್ಲಿ ಕೆರೆಯ ಫೋಟೋ ಬಂತು, ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಅಣ್ಣ ಅದನ್ನು ನನಗೂ ಕಳಿಸಿದ. ಜೊತೆಗೆ ಏನೂ ಬರೆದಿರಲಿಲ್ಲ.

ವಾಂತಿ ಮೊದಲು ಸುರುವಾದದ್ದು ನಮ್ಮ ಕೇರಿಯಲ್ಲಿ. ಆಮೇಲೆ ಊರೊಳಗಿನ ಬಡವರ ಮನೆಗಳಲ್ಲಿ. ಮನೆಗೊಬ್ಬಿಬ್ಬರು ಹೊಟ್ಟೆ ಹಿಡಿದುಕೊಂಡು ಮಲಗಿದರು. ನಮ್ಮ ಪಕ್ಕದ ಮನೆಯವರ ಎಮ್ಮೆ ಮೇವು ಬಿಟ್ಟು, ಕುಸಿದು ಬಿದ್ದು ಸತ್ತಿತು. ಎಲ್ಲರೂ ಬಿಸಿಲಿಗೆ ಹೀಗಾಯಿತೆಂದರು. ಬೇರೆಯವರು ಚೇತರಿಸಿಕೊಂಡ ಮೇಲೂ ಅವ್ವ ಏಳಲಿಲ್ಲ. ಅವಳ ಕಣ್ಣು ಹಳದಿಯಾದವು. ನವಲಗುಂದದ ಆಸ್ಪತ್ರೆಯಿಂದ ಹುಬ್ಬಳ್ಳಿಗೆ ಕರೆದೊಯ್ದೆವು. ಡಾಕ್ಟರರಿಗೆ ನಾನು ಕೆರೆಯ ಕಥೆಯನ್ನೆಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿ, "ಇರಬಹುದು, ಆದರೆ ಅದನ್ನು ತೋರಿಸುವ ಪರೀಕ್ಷೆ ನಮ್ಮಲ್ಲಿಲ್ಲ," ಎಂದರು. ನೀರಿನ ಮಾದರಿಯನ್ನು ಪಂಚಾಯಿತಿಯವರು ಪರೀಕ್ಷೆಗೆ ಕಳಿಸಿದ್ದರು. ಅಲ್ಲಿ ಉಪ್ಪು ನೋಡಿದರು, ಫ್ಲೋರೈಡ್ ನೋಡಿದರು, ಕ್ರಿಮಿ ನೋಡಿದರು. ಪಾಚಿಯ ವಿಷವನ್ನು ಯಾರೂ ನೋಡಲಿಲ್ಲ. ಕುಡಿಯಲು ಯೋಗ್ಯ ಎಂದು ಬರೆದು ಕಳಿಸಿದರು.

ಹೀಗೆ ಕಾಯಿಲೆಗೆ ಕಾರಣ ಬೇಕಾಯಿತು. ನೀರು ಸರಿ ಇದೆಯೆಂದ ಮೇಲೆ ಊರು ತಾನೇ ಒಂದು ಕಾರಣ ಹುಡುಕಿಕೊಂಡಿತು. ಅವತ್ತು ಆಕೆ ಬಾಟಲಿ ಹಿಡಿದು ಕೆರೆಗೆ ಇಳಿದಿದ್ದಳು, ನಾವೇ ನೋಡಿದ್ದೇವೆ. ಅವಳಣ್ಣ ಸೊಂಟದವರೆಗೆ ಇಳಿದಿದ್ದ. ಅಣ್ಣತಂಗಿ ಸೇರಿ ಏನು ಹಾಕಿದರೋ ಯಾರಿಗೆ ಗೊತ್ತು. ಹಾಕದಿದ್ದರೂ, ಇಳಿಯಬಾರದವರು ಇಳಿದ ಮೇಲೆ ಕೆರೆ ಸುಮ್ಮನಿರುತ್ತದೆಯೇ. ಈ ಕೊನೆಯ ಮಾತನ್ನು ಯಾರೂ ಜೋರಾಗಿ ಆಡಲಿಲ್ಲ. ಆಡದೆಯೇ ಎಲ್ಲರಿಗೂ ಮುಟ್ಟಿತು.

ನಾವು ಅವ್ವನ ಜೊತೆ ಹುಬ್ಬಳ್ಳಿಯಲ್ಲಿದ್ದಾಗ ಪಂಪು ಹಚ್ಚಿ ಉಳಿದ ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟರು. ಸಭೆಯಲ್ಲಿ ಎಲ್ಲಿಂದ ತರೋಣ ಎಂದಿದ್ದ ಟ್ಯಾಂಕರ್ ಈಗ ಬಂತು. ಕೆರೆಯ ತಳ ಬಳಿದರು. ಮೆಟ್ಟಿಲುಗಳಿಗೆ ಗೋಮೂತ್ರ ಚಿಮುಕಿಸಿ ಪೂಜೆ ಮಾಡಿಸಿದರು. ಅಣ್ಣನ ಚಾವಿ ಬೇರೆಯವನ ಕೈಗೆ ಹೋಯಿತು. ನಾನು ನವಲಗುಂದದ ಅಂಗಡಿಗೆ ಹೋಗಿ ಅಧ್ಯಕ್ಷರ ಎದುರು ನಿಂತೆ. ಅವರು ಎದ್ದು ಕುರ್ಚಿ ಸರಿಸಿದರು. ನಾನು ಕೂರಲಿಲ್ಲ.

"ನೀರು ಯಾಕ ಹೊರಗ ಹಾಕಿದ್ರಿ?"

"ನೀವ ಹೇಳಿದ್ರೆಲಾ ಮೇಡಂ, ಆ ನೀರು ಕೆಟ್ಟೈತಿ ಅಂತ. ನಿಮ್ಮ ಮಾತ ಕೇಳೇವಿ."

"ಗೋಮೂತ್ರ ಹಾಕ್ರಿ ಅಂತ ನಾ ಹೇಳಿದ್ನೇನ್ರಿ?"

ಅವರು ಹೊರಗೆ ನಿಂತಿದ್ದ ಗಿರಾಕಿಯ ಕಡೆ ನೋಡಿದರು. "ಅದು ಮಂದಿ ಸಮಾಧಾನಕ್ಕ. ನೀವು ಕಲತವರು, ಮನಸಿಗೆ ಹಚ್ಚಿಕೋಬಾರದು."

"ನನ್ನ ಅಣ್ಣ ಏನ ತಪ್ಪ ಮಾಡಿದ್ದ?"

"ತಪ್ಪಿನ ಮಾತಲ್ರಿ. ಸ್ವಲ್ಪ ದಿನಾ ಹೋಗಲಿ."

"ನಿಮ್ಮ ಮೊಮ್ಮಗು ಆರಾಮ ಐತೇನ್ರಿ?" ಎಂದು ಕೇಳಿದೆ. ಕೇಳಬೇಕೆಂದು ಹೋಗಿರಲಿಲ್ಲ, ಬಾಯಿಗೆ ಬಂತು.

"ಆರಾಮ ಐತ್ರಿ," ಎಂದರು. ಅವರ ಮುಖ ಒಂದು ಗಳಿಗೆ ಸಣ್ಣದಾಯಿತು. "ನಿಮ್ಮ ಉಪಕಾರ."

ಆ ಮಾತನ್ನು ಅವರು ಮನಸ್ಸಿನಿಂದಲೇ ಅಂದರೆಂದು ನನಗೆ ಈಗಲೂ ಅನಿಸುತ್ತದೆ. ಅದೇ ನನಗೆ ನುಂಗಲಾಗದ ಸಂಗತಿ. ದಡ್ಡರಾಗಿದ್ದರೆ ತಿಳಿಸಿ ಹೇಳಬಹುದಿತ್ತು. ಅವರಿಗೆ ತಿಳಿದಿತ್ತು. ತಿಳಿದದ್ದನ್ನು ತಮ್ಮ ಮನೆಯ ಹೊಸ್ತಿಲೊಳಗೆ ಇಟ್ಟುಕೊಂಡರು. ಆ ಕೆರೆಯ ನೀರು ಹಳ್ಳ ಸೇರಿಹೋದದ್ದರಿಂದ ನನ್ನ ಮಾತು ನಿಜವೋ ಸುಳ್ಳೋ ಎಂದು ಇನ್ನು ಯಾವ ಪ್ರಯೋಗಾಲಯವೂ ಹೇಳಲಾರದು. ಕಾಲೇಜಿನಲ್ಲಿದ್ದ ನನ್ನ ಬಾಟಲಿಯಲ್ಲಿ ಪಾಚಿ ಕೊಳೆತು ಕಂದಾಗಿತ್ತು; ಅದನ್ನು ಯಾರೂ ಪರೀಕ್ಷೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಬೇಸಿನ್ನಿಗೆ ಸುರಿದೆ.

ಅಣ್ಣ ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಒಮ್ಮೆ ಮಾತ್ರ ಅಂದ: "ನೀ ಹೇಳಿದ್ದು ಖರೇನ ಇರಬೇಕು. ಆದ್ರ ಖರೆ ಹೇಳಿ ನೀ ಅಣ್ಣಿಗೇರಿಗೆ ಹೋದಿ. ನಾ ಅಲ್ಲೇ ಇರಬೇಕಲಾ." ಅವನು ಅಣ್ಣಿಗೇರಿಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ನನ್ನ ಮನೆ ಮಿಲ್ಲಿನ ದಾರಿಯಲ್ಲೇ ಇದೆ. ಕೆಲವೊಮ್ಮೆ ಬಂದು ಚಹಾ ಕುಡಿಯುತ್ತಾನೆ. ಮೀಸೆಯ ಮೇಲೆಲ್ಲ ಹತ್ತಿಯ ಎಳೆ ಕೂತಿರುತ್ತದೆ. ಕೆರೆಯ ಮಾತು ಇಬ್ಬರೂ ತೆಗೆಯುವುದಿಲ್ಲ.

ಅವ್ವ ಉಳಿದಳು. ಆದರೆ ಮೊದಲಿನ ಅವ್ವ ಆಗಲಿಲ್ಲ. ಎರಡು ರೊಟ್ಟಿ ತಿನ್ನುತ್ತಿದ್ದವಳು ಅರ್ಧಕ್ಕೆ ಸಾಕೆನ್ನುತ್ತಿದ್ದಳು. ನನ್ನ ಮನೆಯಲ್ಲಿ ಸ್ವಲ್ಪ ದಿನ ಇರಿಸಿಕೊಂಡೆ. ಫಿಲ್ಟರಿನ ನೀರು ಕುಡಿದು, "ಇದಕ್ಕ ರುಚೀನ ಇಲ್ಲ," ಎಂದು ಮುಖ ತಿರುವುತ್ತಿದ್ದಳು. ಮಳೆಗಾಲ ಬಂದು, ಕಾಲುವೆಗೆ ನೀರು ಬಿಟ್ಟು, ಊರ ಕೆರೆ ತುಂಬಿತೆಂದು ಕೇಳಿದ ದಿನವೇ ಊರಿಗೆ ಹೊರಟು ನಿಂತಳು. ತಡೆದರೆ ನಿಲ್ಲುವವಳಲ್ಲ. ಅಗಲ ಬಾಯಿಯ ಎರಡು ದೊಡ್ಡ ಕ್ಯಾನುಗಳಲ್ಲಿ ನೀರು ತುಂಬಿಸಿ ಆಟೋದಲ್ಲಿ ಅವಳ ಜೊತೆಗೇ ಇಟ್ಟುಕೊಂಡು ಹೋದೆ. ಮುಗಿದಂತೆ ಮತ್ತೆ ಕಳಿಸುತ್ತೇನೆ, ಇದನ್ನೇ ಕುಡಿ ಎಂದೆ.

ಅವ್ವ ಕಟ್ಟೆಯ ಮೇಲೆ ಕೂತು ಕೇರಿಯನ್ನೆಲ್ಲ ಒಮ್ಮೆ ನೋಡಿದಳು. ನಳ ಬಂದ ಹೊತ್ತು. ಹೆಂಗಸರು ಕೊಡ ತುಂಬುತ್ತಿದ್ದರು. ಎಮ್ಮೆ ಕಳೆದುಕೊಂಡ ಪಕ್ಕದ ಮನೆಯಾಕೆ ಅವ್ವನನ್ನು ನೋಡಿ ಕೈಯೆತ್ತಿ ಮಾತಾಡಿಸಿದಳು.

"ಇವರೆಲ್ಲಾ ನಳದ್ದ ಕುಡೀತಾರ," ಎಂದಳು ಅವ್ವ. "ಇವರ ಎದುರಿಗೆ ನಾ ಒಬ್ಬಾಕಿ ಕ್ಯಾನಿಂದು ಕುಡೀಲೇನು?"

"ನಿನಗ ಲಿವರ್ ಕೆಟ್ಟೈತಿ ಯವ್ವಾ. ಡಾಕ್ಟರ್ ಏನ ಹೇಳ್ಯಾರ ಕೇಳೀದಿಲ್ಲೋ?"

"ಕೇಳೇನಿ."

ನಾನು ಕ್ಯಾನುಗಳನ್ನು ಅಡುಗೆ ಮನೆಯ ಮೂಲೆಯಲ್ಲಿಟ್ಟು, ಮುಚ್ಚಳ ಬಿಗಿ ಮಾಡಿ, ಬಸ್ಸಿಗೆ ಹೊರಟೆ. ಮುಂದಿನ ಸಲ ಹೋದಾಗ ನೀರನ್ನೆಲ್ಲ ಕೇರಿಯ ಬಾಣಂತಿಯೊಬ್ಬಳ ಮನೆಗೆ ಕೊಟ್ಟುಬಿಟ್ಟಿದ್ದಳು. ಖಾಲಿ ಕ್ಯಾನುಗಳನ್ನು ತೊಳೆದು ಒಣಗಿಸಿ, ಒಂದರಲ್ಲಿ ಕಡಲೆ, ಇನ್ನೊಂದರಲ್ಲಿ ಜೋಳ ತುಂಬಿಟ್ಟಿದ್ದಳು.